ಮಸೂದೆಗೂ ಒಂದು ಹಾಲು ಪರೀಕ್ಷೆ ಬೇಕು



ಬೆಳಿಗ್ಗೆ ನೀವು ಸಂಘಕ್ಕೆ ಹಾಲು ತಂದಾಗ ಕಾರ್ಯದರ್ಶಿ ಮೊದಲು ಮಾದರಿ ತೆಗೆಯುತ್ತಾರೆ. ಜಿಡ್ಡು ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಯಂತ್ರ ಹೇಳಿದ ಮೇಲೆಯೇ ಪುಸ್ತಕಕ್ಕೆ ಬರೆಯುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಹಾಲು, ನಮ್ಮ ದನ, ನಮ್ಮ ಮಕ್ಕಳ ಆರೋಗ್ಯದ ಮೇಲೆ ಬರುವ ಕಾನೂನುಗಳ ವಿಷಯದಲ್ಲಿ ಇಷ್ಟು ಎಚ್ಚರ ನಮಗಿದೆಯೇ? ಹೆಸರು ಚೆನ್ನಾಗಿದ್ದರೆ ಸಾಕು, ಒಳ್ಳೆಯ ಕಾನೂನು ಬಂತು ಎಂದುಕೊಂಡು ಸುಮ್ಮನಾಗುತ್ತೇವೆ. ಈ ಸಂಚಿಕೆಯಲ್ಲಿ ಆ ಬಗ್ಗೆ ನಾಲ್ಕು ಮಾತು ಬರೆಯುವ ಮನಸ್ಸಾಗಿದೆ. ಅದಕ್ಕೆ ಸ್ವಲ್ಪ ದೂರದ ಅಮೆರಿಕದ ಕಥೆ ಹೇಳಬೇಕು. ಬೇಸರ ಪಡಬೇಡಿ, ಅದು ಹಾಲಿನದೇ ಕಥೆ.

ಅಮೆರಿಕದಲ್ಲಿ 50 ರಾಜ್ಯಗಳಿವೆ. ನಮ್ಮ ವಿಧಾನಸೌಧದ ಹಾಗೆ ಪ್ರತಿ ರಾಜ್ಯಕ್ಕೂ ಅದರದೇ ಶಾಸನಸಭೆ ಇದೆ. ಎಲ್ಲ ಸೇರಿ ವರ್ಷಕ್ಕೆ ಹತ್ತಾರು ಸಾವಿರ ಮಸೂದೆಗಳು ಮಂಡನೆಯಾಗುತ್ತವೆ. ಇಷ್ಟರಲ್ಲಿ ಯಾವುದು ಜನರ ಆರೋಗ್ಯಕ್ಕೆ ಸಂಬಂಧಪಟ್ಟದ್ದು, ಯಾವುದು ಅದನ್ನು ಕಾಯುತ್ತದೆ, ಯಾವುದು ಕೆಡಿಸುತ್ತದೆ ಎಂದು ಒಬ್ಬ ಮನುಷ್ಯ ಕೂತು ನೋಡಲು ಆಗುವ ಮಾತಲ್ಲ. 2025ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯ ವರದಿಗಾರರು ಆ ಕೆಲಸಕ್ಕೆ ಕೈಹಾಕಿದರು. ರಾಜ್ಯ ರಾಜ್ಯದ ಮಸೂದೆಗಳನ್ನು ಹುಡುಕಿ, ಓದಿ, ವಿಂಗಡಿಸಿದರು. ವಿಜ್ಞಾನ ಹೇಳಿದ್ದಕ್ಕೆ ವಿರುದ್ಧವಾಗಿ, ಮೊದಲಿಂದ ಇದ್ದ ಆರೋಗ್ಯ ರಕ್ಷಣೆಯನ್ನು ಸಡಿಲಿಸುವ ಮಸೂದೆಗಳು ಆ ಒಂದೇ ವರ್ಷದಲ್ಲಿ 420ಕ್ಕೂ ಹೆಚ್ಚು ಮಂಡನೆಯಾಗಿದ್ದವು. ಅವನ್ನು ಅವರು ಮೂರು ರಾಶಿ ಮಾಡಿದರು: ಲಸಿಕೆ, ಕುಡಿಯುವ ನೀರಿನ ಫ್ಲೋರೈಡ್ ಮತ್ತು ಹಾಲು.

ಮೂರನೆಯ ರಾಶಿ ಹಾಲಿನದು ಎಂದು ಓದಿದಾಗ ನನ್ನ ಕಿವಿ ನೆಟ್ಟಗಾಯಿತು.

ಅಲ್ಲಿ ಹಾಲಿನ ಜಗಳ ಏನೆಂದರೆ, ಹಸಿ ಹಾಲನ್ನು ಮಾರಬಹುದೇ ಬೇಡವೇ ಎಂಬುದು. ನಮಗೆ ಇದು ವಿಚಿತ್ರ ಅನಿಸುತ್ತದೆ. ನಮ್ಮ ಊರುಗಳಲ್ಲಿ ವರ್ತನೆ ಹಾಲು ಹಸಿಯಾಗಿಯೇ ಮನೆ ಬಾಗಿಲಿಗೆ ಬರುತ್ತದೆ, ಅದರಲ್ಲೇನು ಅಪರಾಧ? ವ್ಯತ್ಯಾಸ ಒಲೆಯಲ್ಲಿದೆ. ನಮ್ಮಲ್ಲಿ ಹಾಲು ಮನೆಗೆ ಬಂದ ಕೂಡಲೇ ಪಾತ್ರೆಗೆ ಹಾಕಿ ಉಕ್ಕುವ ತನಕ ಕಾಯಿಸುತ್ತೇವೆ. ಪ್ಯಾಕೆಟ್ ಹಾಲನ್ನೂ ಬಿಡುವುದಿಲ್ಲ. ಅಲ್ಲಿಯವರು ಡಬ್ಬಿಯಿಂದ ಲೋಟಕ್ಕೆ ಸುರಿದು ತಣ್ಣಗೆ ಹಾಗೆಯೇ ಕುಡಿಯುತ್ತಾರೆ. ಹಾಗಾಗಿ ಡೇರಿಯಲ್ಲೇ ಪಾಶ್ಚರೀಕರಣ ಆಗಿರಬೇಕು, ಅಂದರೆ 72 ಡಿಗ್ರಿಗೆ 15 ಸೆಕೆಂಡಾದರೂ ಬಿಸಿ ಮಾಡಿರಬೇಕು. ಅದು ತಪ್ಪಿದರೆ ಹಾಲಿನಲ್ಲಿ ಏನಿದೆಯೋ ಅದೆಲ್ಲ ನೇರ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಹಿಂದೆ ಅಲ್ಲಿ ಹಾಗೆಯೇ ಹೋಗುತ್ತಿತ್ತು. ನಗರಗಳ ಹಾಲಿನಿಂದ ಕ್ಷಯ, ವಿಷಮಶೀತ ಜ್ವರ, ಗಂಟಲಮಾರಿ ಹರಡುತ್ತಿದ್ದವು. 1908ರಲ್ಲಿ ಷಿಕಾಗೋ ನಗರ ಹಾಲನ್ನು ಪಾಶ್ಚರೀಕರಣ ಮಾಡಲೇಬೇಕೆಂಬ ನಿಯಮ ತಂದಿತು. ಇಡೀ ರಾಜ್ಯಕ್ಕೆ ಅಂಥ ಕಾನೂನು ಮೊದಲು ಮಾಡಿದ್ದು ಮಿಷಿಗನ್, ಅದೂ 1940ರ ದಶಕದ ಕೊನೆಯಲ್ಲಿ. 1938ರಲ್ಲಿ ಅಲ್ಲಿ ಆಹಾರ ಮತ್ತು ನೀರಿನಿಂದ ಹರಡಿದ ರೋಗಗಳ ನಾಲ್ಕರಲ್ಲಿ ಒಂದು ಪಾಲು ಹಾಲಿನಿಂದಲೇ ಬಂದಿತ್ತು. ಈಗ ಅದು ನೂರರಲ್ಲಿ ಒಂದಕ್ಕಿಂತ ಕಡಿಮೆ. ಈ ಇಳಿಕೆ ತಾನಾಗಿ ಆದದ್ದಲ್ಲ. ದನಗಳ ಪರೀಕ್ಷೆ, ಕೊಟ್ಟಿಗೆಯ ಶುಚಿ, ಶೀತಲೀಕರಣ, ಪಾಶ್ಚರೀಕರಣ ಇವೆಲ್ಲವೂ ಕಾನೂನಿನ ಬಲದಿಂದ ಬಂದವು.

ಈ ಕಾನೂನುಗಳ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ವಿಷಯ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಹೆಸರು ಆಲಿಸ್ ಇವಾನ್ಸ್. 1881ರಲ್ಲಿ ಪೆನ್ಸಿಲ್ವೇನಿಯಾದ ಒಂದು ರೈತ ಕುಟುಂಬದಲ್ಲಿ ಹುಟ್ಟಿದವಳು. ಓದಿ, ಸರ್ಕಾರದ ಡೇರಿ ವಿಭಾಗದಲ್ಲಿ ಸೂಕ್ಷ್ಮಾಣು ವಿಜ್ಞಾನಿಯಾಗಿ ಸೇರಿದಳು. ನಮ್ಮ ಹಸುಗಳು ದಿನ ತುಂಬುವ ಮುನ್ನ ಕಂದು ಹಾಕುತ್ತವಲ್ಲ, ಆ ಬ್ರುಸೆಲ್ಲಾ ರೋಗದ ಸೂಕ್ಷ್ಮಾಣುವೂ, ಆಡಿನ ಹಾಲು ಕುಡಿದ ಮನುಷ್ಯರಿಗೆ ಬರುವ ಬಿಟ್ಟುಬಿಟ್ಟು ಕಾಡುವ ಜ್ವರದ ಸೂಕ್ಷ್ಮಾಣುವೂ ಒಂದೇ ಜಾತಿಯವು ಎಂದು ಅವಳು ಕಂಡುಕೊಂಡಳು. 1917ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಹೇಳಿದಳು, ಮರುವರ್ಷ ಪ್ರಕಟಿಸಿದಳು. ನೋಡಲು ಆರೋಗ್ಯವಾಗಿರುವ ಹಸುವಿನ ಹಸಿ ಹಾಲೂ ಮನುಷ್ಯನಿಗೆ ರೋಗ ತರಬಲ್ಲದು ಎಂಬುದು ಅವಳ ಮಾತು.

ಯಾರೂ ಒಪ್ಪಲಿಲ್ಲ. ಡಾಕ್ಟರೇಟ್ ಇಲ್ಲ, ಮೇಲೆ ಹೆಂಗಸು, ಇಷ್ಟು ದೊಡ್ಡ ವಿಷಯ ಇವಳಿಗೆ ಹೇಗೆ ಕಂಡಿತು ಎಂದರು. ಹಾಲಿನ ವ್ಯಾಪಾರದವರಿಗಂತೂ ಸಿಟ್ಟೇ ಬಂತು. ಆಮೇಲೆ, 1922ರಲ್ಲಿ, ಅವಳಿಗೇ ಆ ರೋಗ ತಗುಲಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜ್ವರ, ಮೈಕೈ ನೋವು ಬಂದು ಹೋಗುತ್ತಿದ್ದವು. ಕೆಲವು ವೈದ್ಯರು ಇದು ರೋಗವಲ್ಲ, ನರದೌರ್ಬಲ್ಯ, ನಿನ್ನ ಕಲ್ಪನೆ ಎಂದು ಬಿಟ್ಟರು. (ಹೆಂಗಸಿನ ನೋವನ್ನು ಮನಸ್ಸಿನ ಭ್ರಮೆ ಎನ್ನುವುದು ಎಲ್ಲ ದೇಶಕ್ಕೂ ಬರುತ್ತದೆ ಎಂದಾಯಿತು.) ಬೇರೆ ವಿಜ್ಞಾನಿಗಳ ಪರೀಕ್ಷೆಗಳೂ ಅವಳ ಮಾತನ್ನೇ ಹೇಳಿದ ಮೇಲೆ ಲೋಕ ಒಪ್ಪಿತು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದಳು. ಪಾಶ್ಚರೀಕರಣದ ಕಾನೂನಿಗೆ ಬಲ ಬಂದದ್ದು ಇಂಥ ಕೆಲಸಗಳಿಂದ.

ಈಗ ರಾಜ್ಯಗಳ ಶಾಸನಸಭೆಗಳಲ್ಲಿ ಬಿಚ್ಚುತ್ತಿರುವುದು ಆ ಗಂಟನ್ನೇ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕುಡಿಯಲು ಹಸಿ ಹಾಲು ಮಾರುವುದನ್ನು ಅಲ್ಲಿಯ ಕೇಂದ್ರ ಸರ್ಕಾರ 1987ರಲ್ಲೇ ನಿಲ್ಲಿಸಿದೆ. ರಾಜ್ಯದ ಒಳಗಿನ ಮಾರಾಟ ಮಾತ್ರ ಆಯಾ ರಾಜ್ಯದ ಇಷ್ಟ. ಅದಕ್ಕೇ ಅಲ್ಲಿ ರಾಜ್ಯಕ್ಕೊಂದು ಕಾನೂನು. ಕೆಲವೆಡೆ ಅಂಗಡಿಯಲ್ಲೇ ಸಿಗುತ್ತದೆ, ಕೆಲವೆಡೆ ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ. ಕೆಲವೆಡೆ ಹಾಲು ಮಾರುವಂತಿಲ್ಲ, ಆದರೆ ಹಸುವಿನಲ್ಲಿ ಪಾಲು ಕೊಳ್ಳಬಹುದು. ನಿನ್ನ ಹಸುವಿನ ಹಾಲು ನೀನು ಕುಡಿದರೆ ಅದು ಮಾರಾಟ ಹೇಗಾಗುತ್ತದೆ ಎಂಬ ವಾದ. ಎಮ್ಮೆಯನ್ನು ಪಾಲಿಗೆ ಕೊಟ್ಟು ಗೊತ್ತಿರುವ ನಮಗೆ ಇದನ್ನು ಕೇಳಿ ನಗು ಬರುತ್ತದೆ.

ನಗುವ ವಿಷಯ ಅಲ್ಲಿಗೇ ಮುಗಿಯಿತು. 1998ರಿಂದ 2018ರವರೆಗೆ ಹಸಿ ಹಾಲಿನಿಂದ ಅಲ್ಲಿ 202 ಬಾರಿ ರೋಗ ಹರಡಿದ್ದು ದಾಖಲಾಗಿದೆ. 2,645 ಜನ ಕಾಯಿಲೆ ಬಿದ್ದರು, 228 ಜನ ಆಸ್ಪತ್ರೆ ಸೇರಿದರು. ಹಸಿ ಹಾಲು ಮಾರಲು ಕಾನೂನು ಬಿಟ್ಟಿರುವ ಕಡೆ, ಬಿಡದ ಕಡೆಗಿಂತ ಇಂಥ ಘಟನೆಗಳು ಮೂರು ಪಟ್ಟಿಗೂ ಹೆಚ್ಚು. 2024ರ ಮಾರ್ಚ್ 25ರಂದು ಇನ್ನೊಂದು ಸುದ್ದಿ ಬಂತು. ಟೆಕ್ಸಾಸ್ ಮತ್ತು ಕಾನ್ಸಾಸ್ ರಾಜ್ಯಗಳ ಕರೆಯುವ ಹಸುಗಳಲ್ಲಿ ಹಕ್ಕಿಜ್ವರದ ವೈರಸ್ ಸಿಕ್ಕಿತು. ಹಾಲು ಇಳಿಯಿತು, ಬಂದ ಹಾಲೂ ಗಟ್ಟಿಯಾಗಿ ಹಳದಿಯಾಗಿ ಗಿಣ್ಣಿನ ಹಾಗಿತ್ತು. ಆ ಹಸಿ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಮುಂದಿನ ಒಂದೂವರೆ ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಹಿಂಡುಗಳಿಗೆ ಅದು ಹರಡಿತು. ಪಾಶ್ಚರೀಕರಣ ಮಾಡಿದರೆ ಆ ವೈರಸ್ ಉಳಿಯುವುದಿಲ್ಲ. ಅದೇ 2024ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯ ಹಸಿ ಹಾಲಿನ ಮಾರಾಟಕ್ಕೆ ಬಾಗಿಲು ತೆರೆಯಿತು!

ಆದರೆ ಇಲ್ಲಿ ನಾನು ಒಂದು ತಕರಾರು ಎತ್ತಬೇಕು. ಎಲ್ಲ ಹಸಿ ಹಾಲಿನ ಮಸೂದೆಗಳನ್ನೂ ಒಂದೇ ರಾಶಿಗೆ ಹಾಕಿ 'ವಿಜ್ಞಾನ ವಿರೋಧಿ' ಎಂದು ಬರೆದುಬಿಟ್ಟರೆ ಸಣ್ಣ ರೈತರ ಸಂಕಟ ಕಾಣದೇ ಹೋಗುತ್ತದೆ. ಅಯೋವಾ ರಾಜ್ಯ 2023ರಲ್ಲಿ ಮಾಡಿದ ಕಾನೂನು ನೋಡಿ. ಹಾಲು ಕರೆಯುವ ಪ್ರಾಣಿ ಹತ್ತು ಮೀರದ ಕೊಟ್ಟಿಗೆಗೆ ಮಾತ್ರ ಹಸಿ ಹಾಲು ಮಾರುವ ಅನುಮತಿ. ನೇರ ಗಿರಾಕಿಗೇ ಮಾರಬೇಕು. ತಿಂಗಳಿಗೊಮ್ಮೆ ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕು, ಡಬ್ಬಿಯ ಮೇಲೆ ಎಚ್ಚರಿಕೆ ಇರಬೇಕು. ಹತ್ತು ಹಸು ಅಂದರೆ ಅಲ್ಲಿ ಬಹಳ ಸಣ್ಣ ರೈತ. ಸಾವಿರಾರು ಹಸುಗಳ ಡೇರಿಗಳ ಎದುರು ಅವನಿಗೆ ಬೆಲೆ ಸಿಗುವುದಿಲ್ಲ. ಹಸಿ ಹಾಲಾದರೆ ಗಿರಾಕಿ ಮನೆಗೇ ಬಂದು ಹೆಚ್ಚು ಕೊಟ್ಟು ಒಯ್ಯುತ್ತಾನೆ. ಮೂರು ಹಸು ಕಟ್ಟಿಕೊಂಡ ನಮಗೆ ಆ ಆಸೆ ಅರ್ಥವಾಗದೇ? ನಾನಾದರೆ ಈ ಕಾನೂನನ್ನು ಒಪ್ಪುವುದಿಲ್ಲ. ತಿಂಗಳ ಪರೀಕ್ಷೆಯಲ್ಲಿ ಮೊದಲ ದಿನದ ಹಾಲು ಪಾಸಾದರೆ ಹನ್ನೆರಡನೆಯ ದಿನದ ಹಾಲಿಗೆ ಯಾರು ಹೊಣೆ? ಅಷ್ಟರಲ್ಲಿ ಕೆಚ್ಚಲು ಬಾವು ಬಂದಿರಬಹುದು, ಸಗಣಿಯ ಕೈ ತಗುಲಿರಬಹುದು. ಆದರೂ ಇದನ್ನು ಬರೆದವರು ಒಂದು ತಡೆ ತೆಗೆದು ಬೇರೆ ಎರಡು ಮೂರು ತಡೆ ಇಟ್ಟಿದ್ದಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದರ ಪಕ್ಕದಲ್ಲಿ ಫ್ಲೋರಿಡಾ ಇಟ್ಟು ನೋಡಿ. ಅಲ್ಲಿ ಮನುಷ್ಯರು ಕುಡಿಯಲು ಹಸಿ ಹಾಲು ಮಾರುವಂತಿಲ್ಲ. ಪ್ರಾಣಿಗಳಿಗೆಂದು ಚೀಟಿ ಅಂಟಿಸಿದರೆ ಮಾರಬಹುದು. ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು, ಅದನ್ನು ನಾಯಿ ಕುಡಿಯುವುದಿಲ್ಲ ಎಂದು. ನಾಯಿಗೆ ಎಂದ ಮೇಲೆ ಮನುಷ್ಯರ ಹಾಲಿಗಿರುವ ಕಟ್ಟುನಿಟ್ಟು ಅದಕ್ಕೆ ಯಾಕೆ? 2025ರಲ್ಲಿ ಅಲ್ಲಿ ಒಂದೇ ಫಾರಂನ ಹಸಿ ಹಾಲಿನಿಂದ 21 ಜನ ಕಾಯಿಲೆ ಬಿದ್ದರು, ಅವರಲ್ಲಿ ಆರು ಮಂದಿ ಹತ್ತು ವರ್ಷದೊಳಗಿನ ಮಕ್ಕಳು. ಕಾಗದದಲ್ಲಿ ನೋಡಿದರೆ ಅಯೋವಾ 'ಅನುಮತಿ ಕೊಟ್ಟ ರಾಜ್ಯ', ಫ್ಲೋರಿಡಾ 'ನಿಷೇಧಿಸಿದ ರಾಜ್ಯ'. ಯಾವುದು ಹೆಚ್ಚು ಅಪಾಯ ಎಂದು ನೀವೇ ಹೇಳಿ. ವಿಂಗಡಣೆ ಮಾಡುವವರು ತಲೆಬರಹ ಓದಿ ಬಿಟ್ಟರೆ ಹೀಗಾಗುತ್ತದೆ.

ಫ್ಲೋರೈಡಿನ ರಾಶಿಯಂತೂ ನಮಗೆ ತಲೆಕೆಳಗಾಗಿ ಕಾಣುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಸಹೋದರಿಯರಿಗೆ ಫ್ಲೋರೈಡ್ ಎಂದರೆ ಕೊಳವೆಬಾವಿಯ ವಿಷ. ಹಲ್ಲು ಕಂದಾಗುವುದು, ಮೂಳೆ ಬಾಗುವುದು, ಕೀಲು ಹಿಡಿಯುವುದು ಎಲ್ಲ ಅದರಿಂದಲೇ. ನಮ್ಮಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂಬ ಮಾನದಂಡವಿದೆ. ಎಷ್ಟೋ ಬಾವಿಗಳಲ್ಲಿ ಅದು ಮೀರಿದೆ. ಅಮೆರಿಕದಲ್ಲಿ ಹಲ್ಲು ಹುಳುಕಾಗದಿರಲೆಂದು 0.7 ಮಿಲಿಗ್ರಾಂ ಆಗುವಷ್ಟು ನೀರಿಗೆ ಸೇರಿಸುತ್ತಾರೆ. 2025ರಲ್ಲಿ ಯೂಟಾ ರಾಜ್ಯ ಅದನ್ನು ನಿಷೇಧಿಸಿತು, ಹಿಂದೆಯೇ ಫ್ಲೋರಿಡಾ. 'ನೀರಿನ ಫ್ಲೋರೈಡ್ ತೆಗೆಯುವ ಕಾನೂನು' ಎಂಬ ಅದೇ ಮಾತು ಪಾವಗಡದಲ್ಲಿ ಆರೋಗ್ಯ ಕಾಯುವುದಾದರೆ ಯೂಟಾದಲ್ಲಿ ಬಡ ಮಕ್ಕಳ ಹಲ್ಲು ಕೆಡಿಸುವುದು. ಪ್ರಮಾಣ ಕೇಳದೆ, ಯಾವ ಊರಿನ ನೀರು ಎಂದು ಕೇಳದೆ ಯಾವ ರಾಶಿಗೂ ಹಾಕುವ ಹಾಗಿಲ್ಲ.

ಲಸಿಕೆಯದು ದೊಡ್ಡ ರಾಶಿ, ಅದರ ವಿವರಕ್ಕೆ ಹೋಗುವುದಿಲ್ಲ. ಹೆಸರಿನ ಆಟ ಅಲ್ಲಿ ಹೆಚ್ಚು ಎಂದಷ್ಟೇ ಹೇಳುತ್ತೇನೆ. ಐಡಾಹೋ ರಾಜ್ಯ 2025ರಲ್ಲಿ ಮಾಡಿದ ಕಾನೂನಿನ ಹೆಸರು 'ವೈದ್ಯಕೀಯ ಸ್ವಾತಂತ್ರ್ಯ'. ಒಳಗೆ ಇರುವುದು, ಶಾಲೆಗಳು ಮತ್ತು ಸಂಸ್ಥೆಗಳು ಲಸಿಕೆಯಂಥದ್ದನ್ನು ಕಡ್ಡಾಯ ಮಾಡುವಂತಿಲ್ಲ ಎಂದು. ಸ್ವಾತಂತ್ರ್ಯ ಬೇಡವೆನ್ನುವವರು ಯಾರು? ಆದರೆ ಕಾಲುಬಾಯಿ ರೋಗಕ್ಕೆ ಊರಲ್ಲಿ ಲಸಿಕೆ ಹಾಕುವಾಗ, ಹಾಲು ಎರಡು ದಿನ ಇಳಿಯುತ್ತದೆ ಎಂದು ನಾಲ್ಕು ಮನೆಯವರು ದನ ಬಚ್ಚಿಟ್ಟರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ರೋಗ ಬಂದಾಗ ಅದು ಯಾರ ಸ್ವಾತಂತ್ರ್ಯ ಎಂದು ಕೇಳಿಕೊಂಡು ಬರುವುದಿಲ್ಲ.

ಮಂಡನೆಯಾದದ್ದೆಲ್ಲ ಕಾನೂನಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಆ 420ರಲ್ಲಿ ಆ ವರ್ಷ ಅಂಗೀಕಾರ ಪಡೆದದ್ದು ಸುಮಾರು 30, ಅದೂ 12 ರಾಜ್ಯಗಳಲ್ಲಿ. ಉಳಿದವು ಸಮಿತಿಗಳಲ್ಲೋ ಮತದಲ್ಲೋ ನಿಂತವು, ಇಲ್ಲವೇ ಬಾಕಿ ಉಳಿದವು. 30 ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಸೋತ ಮಸೂದೆ ಮುಂದಿನ ವರ್ಷ ಬೇರೆ ಹೆಸರಲ್ಲಿ ಬರುತ್ತದೆ, ಒಂದು ರಾಜ್ಯದ ಮಾತು ಇನ್ನೊಂದು ರಾಜ್ಯದ ಮಸೂದೆಯಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷ ವರ್ಷ ಪಟ್ಟಿ ಇಟ್ಟವರಿಗೆ ಮಾತ್ರ ಅದು ಗೊತ್ತಾಗುವುದು.

ಹಾಗಾದರೆ ನಮ್ಮಲ್ಲಿ? ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯವೂ, ಜಾನುವಾರು ಪಾಲನೆಯೂ ರಾಜ್ಯದ ಪಟ್ಟಿಯಲ್ಲಿವೆ. ಆಹಾರ ಕಲಬೆರಕೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ಹಾಲಿಗೆ ಈಗ ನಡೆಯುವುದು ಕೇಂದ್ರದ 2006ರ ಆಹಾರ ಸುರಕ್ಷತೆ ಕಾಯ್ದೆ. ನಮ್ಮ ಸಂಘಗಳು ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ. ದೆಹಲಿಯಲ್ಲಿ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ 2005ರಿಂದ ಸಂಸತ್ತಿನ ಮಸೂದೆಗಳ ಲೆಕ್ಕ ಇಡುತ್ತಿದೆ, ರಾಜ್ಯಗಳ ಕಾನೂನನ್ನೂ ನೋಡುತ್ತದೆ. ಒಳ್ಳೆಯ ಕೆಲಸ. ಆದರೆ ಕೊಟ್ಟಿಗೆಯಲ್ಲಿ ನಿಂತು ನೋಡಿದರೆ ಒಂದು ಕಾನೂನು ಹೇಗೆ ಕಾಣುತ್ತದೆ ಎಂಬುದನ್ನು ದೆಹಲಿಯವರು ಬರೆಯಲಾರರು.

ಪಟ್ಟಿ ಇಡದಿದ್ದರೆ ಒಳ್ಳೆಯ ಕಾನೂನೂ ಕೈತಪ್ಪುತ್ತದೆ. 2017ರಲ್ಲಿ ನಮ್ಮ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹೆಸರು ಕೇಳಿದರೆ ಮಾಟ-ಮಂತ್ರದ್ದು, ನಮಗೇನು ಎನಿಸುತ್ತದೆ. ಒಳಗೆ ಏನಿದೆ ಗೊತ್ತೇ? ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ತಾಯಿತ ಕಟ್ಟಿಸುವುದು ಅಪರಾಧ. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಾಚೆ ಇಡುವುದೂ ಅಪರಾಧ. ಕತ್ತಲಲ್ಲಿ ಹುಲ್ಲಿನ ಹೊರೆ ಎತ್ತುವವರು ನಾವು, ಹಾವು ಕಚ್ಚುವುದು ನಮ್ಮ ಕೈಗೇ. ವಿಜ್ಞಾನ ಹೇಳಿದ್ದನ್ನು ಕಾನೂನಿಗೆ ಸೇರಿಸಿದ ಇಂಥ ಕಾಯ್ದೆಗೂ ಒಂದು ರಾಶಿ ಬೇಕು, ಅದನ್ನು ನಮ್ಮ ಸಂಘದ ಗೋಡೆಯ ಮೇಲೆ ಬರೆಸಬೇಕು.

ಶಾಸನಸಭೆಗೆ ಬಾರದೆ ಬರುವ ಆದೇಶಗಳೂ ಇವೆ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹಾಲಿನ ಪೊಟ್ಟಣಗಳ ಮೇಲೆ 'ಎ1', 'ಎ2' ಎಂದು ಬರೆಯಬೇಡಿ, ಅದು ದಾರಿ ತಪ್ಪಿಸುತ್ತದೆ ಎಂದು ಹೇಳಿತು. ಒಂದು ವಾರ ತುಂಬುವ ಮೊದಲೇ ಆ ಮಾತನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಎರಡು ಸುದ್ದಿಯೂ ತಲುಪಿತ್ತು? ನಾಟಿ ಹಸುವಿನ ಹಾಲಿಗೆ ದುಬಾರಿ ಬೆಲೆ ಹೇಳುವ ವ್ಯಾಪಾರಿಗಳಿಗೆ ಮಾತ್ರ ಅದೇ ದಿನ ತಲುಪಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇದು. ನಮ್ಮ ಒಕ್ಕೂಟ ಈ ಪತ್ರಿಕೆಯಲ್ಲಿ ಪ್ರತಿ ಅಧಿವೇಶನದ ನಂತರ ಅರ್ಧ ಪುಟ ಬಿಟ್ಟುಕೊಡಲಿ. ಹಾಲು, ದನ, ನೀರು, ಲಸಿಕೆ, ಹೆರಿಗೆ, ಅಂಗನವಾಡಿ ಇವಕ್ಕೆ ಸಂಬಂಧಿಸಿದ ಯಾವ ಮಸೂದೆ ಬಂತು, ಎಲ್ಲಿ ನಿಂತಿದೆ, ಅಂಗೀಕಾರವಾಯಿತೇ ಎಂದು ಬರೆಯಲಿ. 'ಒಳ್ಳೆಯದು', 'ಕೆಟ್ಟದ್ದು' ಎಂಬ ಮುದ್ರೆ ಬೇಡ, ಅದನ್ನು ನಾವೇ ಒತ್ತುತ್ತೇವೆ. ಮೊದಲಿದ್ದ ಯಾವ ತಪಾಸಣೆ ಹೋಯಿತು, ಯಾವ ಹೊಸದು ಬಂತು, ಅದರ ಖರ್ಚು ಯಾರ ಮೇಲೆ ಬಿತ್ತು ಎಂಬಷ್ಟು ಇದ್ದರೆ ಸಾಕು. ಖರ್ಚಿನ ಮಾತು ಬಿಡಬೇಡಿ. ತಪಾಸಣೆ ಒಳ್ಳೆಯದಾಗಿದ್ದು ಅದರ ಹಣ ಮಾತ್ರ ಸಣ್ಣ ರೈತಳ ಬಟವಾಡೆಯಿಂದ ಕಡಿತವಾದರೆ, ನಾಳೆ ಅವಳೇ ಆ ತಪಾಸಣೆಯನ್ನು ತೆಗೆಯುವವರ ಕಡೆ ನಿಲ್ಲುತ್ತಾಳೆ. ಅಯೋವಾದಲ್ಲೂ ಹಸಿ ಹಾಲಿನವರ ಹಿಂದೆ ನಿಂತದ್ದು ಅಂಥ ಸಣ್ಣ ರೈತರ ಆಸೆಯೇ ಎಂದು ನನ್ನ ಲೆಕ್ಕ.

ಓದುವುದು ಕಷ್ಟವೇನಲ್ಲ. ನಮ್ಮ ರಾಜ್ಯದ ಮಸೂದೆಗಳು ಕನ್ನಡದಲ್ಲೂ ಅಚ್ಚಾಗುತ್ತವೆ, ಮೊಬೈಲಿನಲ್ಲೂ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರತಿ ಮಸೂದೆಯ ಜೊತೆ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಎಂಬ ಭಾಗ ಇರುತ್ತದೆ. ಅಲ್ಲಿ ಎಲ್ಲವೂ ಸವಿಯಾಗಿಯೇ ಇರುತ್ತದೆ, ಅದನ್ನು ಓದಿ ಬದಿಗಿಡಿ. ತಿದ್ದುಪಡಿ ಮಸೂದೆಯಾದರೆ ಕೊನೆಯಲ್ಲಿ 'ಅನುಬಂಧ' ಎಂದು ಹಳೆಯ ಕಾಯ್ದೆಯ ಸಾಲುಗಳನ್ನು ಕೊಟ್ಟಿರುತ್ತಾರೆ. ಹಳೆಯ ಸಾಲಿನ ಮೇಲೆ ಒಂದು ಬೆರಳು, ಹೊಸ ಸಾಲಿನ ಮೇಲೆ ಒಂದು ಬೆರಳು ಇಟ್ಟು ಓದಿಸಿ. 'ತಕ್ಕದ್ದು' ಎಂದು ಇದ್ದದ್ದು 'ಬಹುದು' ಎಂದಾಗಿದ್ದರೆ ಅಲ್ಲಿ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಸಂಘದ ಮುಂದಿನ ಸಭೆಗೆ ಆ ಹಾಳೆಯನ್ನು ತನ್ನಿ.